ಉಜ್ಜಿನಪ್ಪ ಕಿತ್ತು ತಂದ ಬಾಗಿಲು

ಇದು ನಮ್ಮ ಪಕ್ಕದ ಓಣಿಯ ಉಜ್ಜಿನಪ್ಪನಿಗೆ ಆದದ್ದು. ತೊಂಬತ್ತೆಂಟನೇ ಇಸವಿಯ ಚಳಿಗಾಲ. ಹರಪನಹಳ್ಳಿಯಿಂದ ಕಡೇ ಬಸ್ಸಿಗೆ ಬಂದು ಕೊಟ್ಟೂರಿನಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಕರೆಂಟಿರಲಿಲ್ಲ. ಹಾಳು ಬಾವಿ ದಾಟಿ, ಆಲದ ಮರ ದಾಟಿ ತನ್ನ ಹೊಸ ಮನೆಯತ್ತ ನಡೆದ. ಚಪ್ಪಲಿಯ ಚರಕ್ ಚರಕ್ ಬಿಟ್ಟರೆ ಬೇರೆ ಸದ್ದಿಲ್ಲ...

ಹೆಂಡತಿ ಕೊಟ್ರಮ್ಮ ಚಿಗಟೇರಿಗೆ, ತವರಿಗೆ ಹೋಗಿದ್ದಳು. ಬೆಳಗ್ಗೆ ಅವನೇ ಬೀಗ ಹಾಕಿ ಹೊರಟಿದ್ದ. ಈಗ ಬೀಗ ತೆಗೆದ. ಬಾಗಿಲು ನೂಕಿದ. ಅಲುಗಲಿಲ್ಲ... ಒಳಗಿಂದ ಚಿಲಕ ಹಾಕಿತ್ತು.

ಯಾವನೋ ಕಳ್ಳ ಹೊಕ್ಕಿದ್ದಾನೆಂದು ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಕಿವಿ ಇಟ್ಟ.

ತಟ್... ತಟ್... ತಟ್.

ರೊಟ್ಟಿ ಬಡಿಯುವ ಸದ್ದು. ಆಮೇಲೆ ಕಾದ ಹಂಚಿನ ಮೇಲೆ ನೀರು ಸವರಿದಂತೆ ಚುಂಯ್ ಎಂದಿತು. ಅವನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಯಾಕೆಂದರೆ ಆ ಬಾಗಿಲು ಯಾರದು ಅಂತ ಅವನಿಗೆ ಗೊತ್ತಿತ್ತು.

ಊರಲ್ಲಿ ಅವನಿಗೆ ಆರು ಬಾಡಿಗೆ ಮನೆ. ಮನೆ ಕಟ್ಟಿ ಬಾಡಿಗೆಗೆ ಬಿಡುವವರಿಗೆಲ್ಲ ಅವನೇ ಗುರು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಿಸು, ಯಾರಿಗೂ ಬೇರು ಬಿಡಲು ಬಿಡಬೇಡ, ಮನೆ ಬಿಟ್ಟು ಏಳದಿದ್ದರೆ ಬಾಗಿಲು ಕಿತ್ತುಕೋ, ಇದು ಅವನ ಉಪದೇಶ. ಒಂದು ಮನೆಯಲ್ಲಿ ಗುಡೇಕೋಟೆ ಕಡೆಯ ಗಾಳೆಮ್ಮ ಇದ್ದಳು. ಖಾನಾವಳಿಗೆ ರೊಟ್ಟಿ ಬಡಿದು ಬದುಕುವವಳು, ಒಂದು ತಿಂಗಳೂ ಬಾಡಿಗೆ ತಪ್ಪಿಸಿದವಳಲ್ಲ. ಅಲ್ಲಿ ಮಳಿಗೆ ಕಟ್ಟುವ ಆಸೆ ಇವನಿಗೆ ಹುಟ್ಟಿತು, ಮನೆ ಬಿಡು ಅಂದ. "ಜ್ವರ ಬಂದಾವ್ರಿ, ಯುಗಾದಿ ಮಟ ತಡೀರಿ" ಎಂದು ಅವಳು ಕೈಮುಗಿದಳು. ಇವನು ಬಡಿಗ ಪಕ್ಕೀರಪ್ಪನನ್ನು ಕರೆತಂದು ಅವಳೆದುರೇ ಬಾಗಿಲು ಕೀಳಿಸಿದ.

ಗೋಣಿತಟ್ಟು ಇಳಿಬಿಟ್ಟು ಆ ಥಂಡಿಯಲ್ಲಿ ಅವಳು ಮೂರು ರಾತ್ರಿ ಮಲಗಿದಳು. ನಾಲ್ಕನೇ ಬೆಳಗ್ಗೆ ಏಳಲಿಲ್ಲ. ಜ್ವರದಿಂದ ಸತ್ತಳು ಅಂದರು. ನಾನು ಹೇಳುತ್ತೇನೆ, ಅವನು ಕೊಂದದ್ದು. ಇಷ್ಟಾದ ಮೇಲೂ ಆ ಪುಣ್ಯಾತ್ಮ, ತೇಗದ ಬಾಗಿಲು ಯಾಕೆ ಹಾಳಾಗಬೇಕೆಂದು ತನ್ನ ಹೊಸ ಮನೆಗೆ ಕೂಡಿಸಿಕೊಂಡ. ಎಂಥಾ ದುರಾಸೆ ನೋಡಿ ಅವನದು.

"ಒಳಗ ಯಾರು..." ಎಂದು ಉಜ್ಜಿನಪ್ಪ ಆ ರಾತ್ರಿ ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದ.

ತಟ್ ತಟ್ ನಿಂತಿತು. ಬಾಗಿಲಿನ ಆಚೆ, ಅವನ ಕಿವಿಯ ಮಟ್ಟಕ್ಕೇ, ಯಾರೋ ಉಸಿರು ಬಿಟ್ಟರು.

"ನೀವ್ಯಾರ್ರಿ?"

"ನಾನು... ಮನಿ ಮಾಲಕ."

"ಬಾಡಿಗಿ ಕೊಟ್ಟೀನಲ್ರಿ."

"ಬಾಗಲಾ ತಗಿಯವ್ವ. ಹೊರಗ ಥಂಡಿ ಐತಿ."

"ಹೌದ್ರಿ. ಥಂಡಿ ಭಾಳ ಐತಿ. ಅದಕ್ಕ ತಗಿಯಂಗಿಲ್ಲ."

ಮತ್ತೆ ತಟ್... ತಟ್... ಬೆಳಗಿನವರೆಗೆ ಅವನು ಹೊರಗಿನ ಕಟ್ಟೆಯ ಮೇಲೆ ಮುದುರಿ ಕೂತಿದ್ದ.

ಬೆಳಗ್ಗೆ ಅಕ್ಕಪಕ್ಕದವರು ಮೇಲಿನ ಶೀಟು ಸರಿಸಿ ಇಳಿದರು. ಒಳಗೆ ಯಾರೂ ಇಲ್ಲ. ಒಲೆ ತಣ್ಣಗಿತ್ತು. ಚಿಲಕ ಮಾತ್ರ ಹಾಕಿಯೇ ಇತ್ತು. ಮರುದಿನ ರಾತ್ರಿಯೂ ಹಾಗೇ ಆಯಿತು, ಅದರ ಮರುದಿನವೂ. ಉಜ್ಜಿನಪ್ಪ ಪಕ್ಕೀರಪ್ಪನ ಮನೆಗೆ ಹೋಗಿ, ಕೇಳಿದಷ್ಟು ಕೊಡುತ್ತೇನೆ, ಆ ಬಾಗಿಲು ಕಿತ್ತು ಬಿಸಾಕು ಎಂದ.

"ನಿಮ್ಮ ಮಾತು ಕೇಳಿ ಒಮ್ಮಿ ಕಿತ್ತೀನ್ರಿ," ಎಂದ ಪಕ್ಕೀರಪ್ಪ. ತಲೆ ಎತ್ತಿ ಸಹ ನೋಡಲಿಲ್ಲ. "ಇನ್ನೊಮ್ಮಿ ಆಕಿ ಬಾಗಲಾ ನಾ ಕೀಳಂಗಿಲ್ಲ."

ಬೇರೆ ಬಡಿಗರೂ ಬರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. ಅವನು ಚಿಗಟೇರಿಗೆ, ಮಾವನ ಮನೆ ಸೇರಿದ. ತಾನು ಕಟ್ಟಿಸಿದ ಮನೆಯಲ್ಲಿ ಮತ್ತೊಂದು ರಾತ್ರಿ ಮಲಗಲಿಲ್ಲ.

ಆ ಮನೆ ಈಗಲೂ ಇದೆ. ಕಿಟಕಿ, ಶೀಟು, ಹಂಡೆ ಎಲ್ಲ ಕಳ್ಳರು ಒಯ್ದರು, ಬಾಗಿಲು ಮಾತ್ರ ಯಾರೂ ಮುಟ್ಟಿಲ್ಲ. ಹೋದ ಮಳೆಗೆ ಹಿಂದಿನ ಗೋಡೆಯೂ ಬಿತ್ತು. ಅಲ್ಲಿಂದ ಹೊಕ್ಕು, ಒಂದು ಸಂಜೆ ನಾನೇ ಈ ಕೈಯಾರೆ ಚಿಲಕ ತೆಗೆದು ಬಂದಿದ್ದೇನೆ, ಸುಳ್ಳು ಹೇಳಿ ನನಗೇನಾಗಬೇಕು. ಬೆಳಗ್ಗೆ ಹೋಗಿ ಬಾಗಿಲು ನೂಕಿದೆ... ಒಳಗಿಂದ ಚಿಲಕ ಹಾಕಿತ್ತು.