ಕಾರಂಜಿಯ ಹತ್ತಿರ, ನಾಲ್ಕು ಗಂಟೆಗೆ

‘ಡಿಸೆಂಬರ್ ಹದಿನಾಲ್ಕು, ತೊಂಬತ್ತಾರು. ಶನಿವಾರ. ನ್ಯೂರೆಂಬರ್ಗ್. ಸಣ್ಣಗೆ ಹಿಮ. ಹೋಟೆಲಿನ ಕೋಣೆ ಬೆಚ್ಚಗಿದೆ, ದಿಂಬು ಸರಿಯಿಲ್ಲ.’ ನೋಡು, ದಿಂಬಿನ ವಿಷಯವನ್ನೂ ಬಿಟ್ಟಿಲ್ಲ ನಾನು! ಯಾಕೆ ನಗ್ತೀಯ? ನಗು, ನಗು. ಡೈರಿ ತಗೊಂಡು ಬಾ ಅಂತ ಫೋನ್ ಮಾಡಿದ್ದು ನೀನೇ ತಾನೆ? ಎರಡು ವರ್ಷದ ಹಿಂದಿನದು, ಆದರೂ ಕೈ ಹಾಕಿದ ಕೂಡಲೇ ಸಿಕ್ಕಿತು. ಈ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಂಗಸು ನಾನು. ನಿನ್ನ ಅಕ್ಕ ಬರೆದಿಟ್ಟದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ರೋಸ್ವಿತಾ. ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು, ಯಾರಿಗೆ ಯಾವತ್ತು ಜ್ವರ ಬಂತು ಕೇಳು, ಹೇಳ್ತೀನಿ.

ನಿನ್ನ ಗೆಳತಿ ಗುಡ್ರುನ್ ಹಾಗಲ್ಲ. ಪಾಪ, ಮರೆವು. ಅದಕ್ಕೇ ನಾಳೆ ವೃದ್ಧಾಶ್ರಮಕ್ಕೆ ಹೋಗ್ತಿದ್ದಾಳೆ... ಒಳ್ಳೆಯದೇ ಅಲ್ಲವೇನೇ? ಒಲೆ ಆರಿಸಿದೆನೋ ಇಲ್ಲವೋ ಅಂತ ದಿನಕ್ಕೆ ಹತ್ತು ಸಲ ಮನೆಗೆ ಓಡಿ ಬರುವವಳು ಒಬ್ಬಳೇ ಹೇಗೆ ಇರ್ತಾಳೆ?

ಯಾಕೆ ಹಾಗೆ ನೋಡ್ತೀಯ? ಓದ್ತೀನಿ, ಇರು.

‘ಕ್ರಿಸ್‌ಮಸ್ ಸಂತೆಯಲ್ಲಿ ಕಾಲಿಡಲು ಜಾಗವಿಲ್ಲ. ಬಿಸಿ ವೈನಿಗೆ ಲವಂಗ ಜಾಸ್ತಿ. ರೋಸ್ವಿತಾ ಅರ್ಧ ಕುಡಿದು ಕಪ್ಪು ಬದಲಾಯಿಸಿಕೊಂಡಳು...’ ಮುಂದೆ ಓದಬೇಕಾ? ‘...ಗುಡ್ರುನ್ ಜೊತೆ.’

ಅಯ್ಯೋ, ಇದಕ್ಕೂ ಹುಬ್ಬು ಹಾರಿಸ್ತೀಯಲ್ಲ! ಕಪ್ಪು ಕಣೇ! ಬರೀ ಕಪ್ಪಾ ಅಂತ ಕೇಳ್ತೀಯ? ಗೋಡೆ ಬಿದ್ದು ಪೂರ್ವ-ಪಶ್ಚಿಮದ ಗಡಿ ತೆರೆದ ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಒಂದು ಊರಿನ ಸಂತೆ, ನಾವಿಬ್ಬರೇ. ಅರ್ಧ ಕುಡಿಯೋದು, ಬದಲಾಯಿಸಿಕೊಳ್ಳೋದು, ನಿನ್ನ ಎಂಜಲು ನಾನು, ನನ್ನದು ನೀನು. ಆಮೇಲೆ ಕಪ್ಪಿಗೆ ಕೊಟ್ಟ ಠೇವಣಿ ಹಣ ಬಿಟ್ಟು ಇಸವಿ ಬರೆದ ಕಪ್ಪುಗಳನ್ನು ಕೋಟಿನ ಜೇಬಿಗೆ ಹಾಕ್ಕೊಂಡು ಬರೋದು. ಲ್ಯೂಬೆಕ್, ಮ್ಯೂನಿಕ್, ಕಲೋನ್... ಅಲ್ಲಿ ನಿನ್ನ ಕಪಾಟಿನಲ್ಲಿ ಸಾಲಾಗಿವೆ. ನನ್ನ ಮನೆಯಲ್ಲೂ ಇವೆ, ತೊಂಬತ್ತಾರರದ್ದೊಂದು ಬಿಟ್ಟು. ಅವತ್ತು ನನ್ನ ಕಪ್ಪನ್ನು ಅಂಗಡಿಯವನಿಗೆ ವಾಪಸ್ ಕೊಟ್ಟೆ. ನೀನು ಗಮನಿಸಲಿಲ್ಲ. ನೀನು ಅವಳಿಗೆ ಒಣ ಪ್ಲಮ್ ಹಣ್ಣಿನ ಬೊಂಬೆ ಆರಿಸ್ತಿದ್ದೆ. ಗಂಡು ಬೊಂಬೆ ನಿನಗೆ, ಹೆಣ್ಣು ಬೊಂಬೆ ಅವಳಿಗೆ. ನನಗೆ? ‘ಅಕ್ಕನಿಗೆ ಇವೆಲ್ಲ ಹಿಡಿಸಲ್ಲ’ ಅಂದೆ. ಯಾರು ಹೇಳಿದರು ನಿನಗೆ?

ಅವಳು ನಿನ್ನನ್ನು ‘ರೋಸಿ’ ಅಂತಾಳೆ. ಅರವತ್ತು ವರ್ಷ ನಾನು ಕರೆಯದ ಹೆಸರು! ಚರ್ಚಿನ ಹಾಡಿನ ತಂಡಕ್ಕೆ ಬಂದು ಮೂರು ವರ್ಷ ಆಗಿಲ್ಲ, ರೋಸಿಯಂತೆ. ಆ ನಗು ಬೇರೆ! ಇಡೀ ಸಂತೆ ತಿರುಗಿ ನೋಡಬೇಕು. ಸಾಸೇಜ್ ತಿಂದ ಬೆರಳನ್ನು ನಿನ್ನ ಶಾಲಿಗೆ ಒರೆಸಿದಳು, ನೀನೂ ನಕ್ಕೆ. ನಾನು ಒರೆಸಿದ್ದರೆ?

ಇಲ್ಲ, ಹೊಟ್ಟೆಕಿಚ್ಚಲ್ಲ. ಎಪ್ಪತ್ತರ ಹತ್ತಿರ ಬಂದವಳಿಗೆ ಹೊಟ್ಟೆಕಿಚ್ಚೇ? ನಿನ್ನ ತಲೆ.

ಏನು, ಭಾನುವಾರದ ಪುಟವಾ? ಅದರಲ್ಲೇನಿದೆ, ನಿನಗೇ ಗೊತ್ತಲ್ಲ. ನೀನು ಮಧ್ಯಾಹ್ನ ಚರ್ಚಿಗೆ ಆರ್ಗನ್ ವಾದನ ಕೇಳಲು ಹೋದೆ. ನಾನೂ ಅವಳೂ ಹೋಟೆಲಿನಲ್ಲಿ. ಎಲ್ಲಿ ಸೇರೋಣ ಅಂತ ಕೇಳಿದಳು. ಕಾರಂಜಿಯ ಹತ್ತಿರ, ನಾಲ್ಕು ಗಂಟೆಗೆ ಅಂದೆ. ಎರಡು ಸಲ ಅಂದೆ. ಅವಳು ಹೋಗಿ ಮಕ್ಕಳ ಸಂತೆಯಲ್ಲಿ ಆ ತಿರುಗುವ ಮರದ ಕುದುರೆಗಳ ಮುಂದೆ ನಿಂತಳು. ಹಿಮದಲ್ಲಿ ಎರಡೂವರೆ ಗಂಟೆ! ಸ್ಟೇಷನ್ನಿಗೆ ಹೋಗಿರ್ತಾಳೆ ಬಾ ಅಂದೆ ನಾನು, ರೈಲಿನ ಹೊತ್ತಾಗಿತ್ತು. ಹುಡುಕ್ತೀನಿ ಅಂತ ಹೊರಟ ನಿನ್ನ ತೋಳು ಹಿಡಿದೆ, ಹೌದು. ಅವಳಿಗೆ ನ್ಯುಮೋನಿಯಾ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಹೂ ತಗೊಂಡು ಆಸ್ಪತ್ರೆಗೆ ನಾನೂ ಬಂದಿದ್ದೆ. ‘ಕುದುರೆ ಅಂತ ಕೇಳಿದ ಹಾಗಿತ್ತು, ಇರ್ಮ್‌ಗಾರ್ಡ್’ ಅಂದಳು. ‘ಕಾರಂಜಿ ಅಂದಿದ್ದೆ’ ಅಂದೆ. ಆಗ ಅವಳ ಮುಖ... ಅವಳ ತಾಯಿಗೂ ಮರೆವು ಹೀಗೇ ಶುರುವಾಗಿದ್ದಂತೆ, ಅರವತ್ತಕ್ಕೆ.

ಹಾಗೆ ಮೇಜು ಉಜ್ಜುತ್ತಾ ಕೂರಬೇಡ... ಕೈ ಯಾಕೆ ಚಾಚ್ತೀಯ? ಡೈರಿ ಕೊಡಲ್ಲ. ನನ್ನ ಸ್ವಂತದ್ದು. ನಾನೇ ಓದ್ತೀನಿ. ಕನ್ನಡಕ ಎಲ್ಲಿ... ಮೂಗಿನ ಮೇಲೇ ಇದೆ, ಗೊತ್ತು.

‘ಹದಿನೈದು, ಭಾನುವಾರ. ಕ್ರಿಸ್‌ಮಸ್‌ಗೆ ಮುಂಚಿನ ಮೂರನೆಯ ಮೇಣದಬತ್ತಿಯ ದಿನ. ಗಾಳಿ ಜೋರು...’

ಗಾಳಿ ಜೋರಿತ್ತು.

ಹಾಗೆ ನೋಡಬೇಡ, ರೋಸ್ವಿತಾ. ಬೈದುಬಿಡು, ಕಪ್ಪು ಎತ್ತಿ ಎಸಿ. ಚಿಕ್ಕಂದಿನಲ್ಲೂ ನೀನು ಹೀಗೇ, ಸುಮ್ಮನೆ ಕೂತು ನನ್ನ ಬಾಯಿ ಬಿಡಿಸ್ತಿದ್ದೆ... ನಿನಗೆ ಮೊದಲೇ ಗೊತ್ತಿತ್ತಾ? ಇಲ್ಲ? ಬರೀ ಗುಮಾನಿಯಾ? ಅದಕ್ಕೇ ಡೈರಿ ತಾ ಅಂದೆಯಾ? ನಾನು ಬಾಯಲ್ಲಿ ಸುಳ್ಳು ಹೇಳಿದರೂ ಹೇಳೇನು, ಬರೆಯಲಾರೆ ಅಂತ...

ಸರಿ. ‘ಗುಡ್ರುನ್‌ಗೆ ತಿರುಗುವ ಕುದುರೆಗಳ ಹತ್ತಿರ ಎಂದು ಹೇಳಿದೆ. ರೋಸ್ವಿತಾ ಕಾರಂಜಿಗೆ ಬರುತ್ತಾಳೆ. ಒಂದು ಅರ್ಧ ಗಂಟೆ ನಾವಿಬ್ಬರೇ ಇರಬೇಕು.’

ಅಷ್ಟೇ ಬೇಕಿತ್ತು ನನಗೆ, ಕಣೇ. ಅರ್ಧ ಗಂಟೆ. ಒಂದು ಕಪ್ಪು. ಆಮೇಲೆ ನಾನೇ ಹೋಗಿ ಕರ್ಕೊಂಡು ಬರೋಣ ಅಂತಿದ್ದೆ. ಆದರೆ ನೀನು ಆ ಅರ್ಧ ಗಂಟೆಯೂ ಅವಳ ಮಾತೇ ಆಡಿದೆ... ಗುಡ್ರುನ್ ಎಲ್ಲಿ, ಗುಡ್ರುನ್‌ಗೆ ಚಳಿಯಾಗುತ್ತೆ, ಗುಡ್ರುನ್, ಗುಡ್ರುನ್! ನಿಂತ್ಕೊಳ್ಳಲಿ ಅನ್ನಿಸಿತು.

ಕೋಟು ಹಾಕ್ಕೊಳ್ತೀಯ? ಅವಳ ಮನೆಗಾ? ನಾನೂ ಬರ್ತೀನಿ... ಬೇಡವಾ. ಡೈರಿ ತಗೊಂಡು ಹೋಗು. ಆ ಪುಟ ತೋರಿಸು, ಅಕ್ಷರ ನನ್ನದೇ ಅಂತ ಅವಳಿಗೆ ಗೊತ್ತಾಗುತ್ತೆ. ಅವಳ ತಲೆ ಸರಿಯಿದೆ ಅಂತ ಹೇಳು. ಎರಡು ವರ್ಷವೂ ಸರಿಯಿತ್ತು ಅಂತ ಹೇಳು.

ಅದರ ಕೊನೆಯ ಪುಟ ಖಾಲಿಯಿದೆ. ನಾನು ಹೇಳ್ತೀನಿ, ನೀನು ಬರೆದುಕೋ. ಅರ್ಧ ಗಂಟೆಗೆ ಆದ ವೆಚ್ಚ: ಗುಡ್ರುನ್ ಆಸ್ಪತ್ರೆಯಲ್ಲಿ ಮೂರು ವಾರ. ಹಾಡಿನ ತಂಡದಲ್ಲಿ ಅವಳ ಜಾಗ. ಮೂವತ್ತೊಂದು ವರ್ಷ ಅವಳು ಬಾಳಿದ ಮನೆ, ಅದರ ಒಂದು ಬೀಗದ ಕೈಯನ್ನು ಮುಂದೆ ಬರುವವರಿಗೆ ಮೊನ್ನೆಯೇ ಕೊಟ್ಟಾಗಿದೆ. ಎರಡು ವರ್ಷ ಅವಳಿಗೆ ತನ್ನ ಮೇಲೆಯೇ ಇಲ್ಲದ ನಂಬಿಕೆ. ನನಗೆ, ಒಬ್ಬಳು ತಂಗಿ.