ಸ್ಪ್ರಿಂಗ್ ಪಳಗಿಸೋದು

…ನಗ್ಬೇಡ ಕಣೋ, ನಕ್ರೆ ಗದ್ದದ ಹೊಲಿಗೆ ಬಿಚ್ಕೊಳ್ಳುತ್ತೆ! ಇದೇನು ಮಕ್ಕಳಾಟದ ಸಾಮಾನು ಅಂದ್ಕೊಂಡ್ಯಾ? ಹ್ಯಾಂಡ್ ಗ್ರಿಪ್ಪರ್ ಇದು. ಎರಡು ಹಿಡಿ, ತಲೆ ಮೇಲೆ ಸ್ಪ್ರಿಂಗಿನ ಸುರುಳಿ, ಅಷ್ಟೇ. ಅಮುಕಿದ್ರೆ ಹಿಡಿಗೆ ಹಿಡಿ ಮುಟ್ಟಬೇಕು. ಕೇಳೋಕೆ ಏನೂ ಅಲ್ಲ, ಹಿಡಿದು ನೋಡಿದೋನಿಗೆ ಗೊತ್ತು ಅದರ ಸಂಕಟ... ಈಗ ತಾನೆ ತಾರಸಿಗೆ ಬಂದಿದೀವಿ, ಹಗ್ಗ ಆಮೇಲೆ ಬಿಚ್ಚೋ, ಏನವಸರ? ಗೋಡೆ ಎಲ್ಲಿಗೂ ಓಡಿಹೋಗಲ್ಲ. ಐದು ಮಹಡೀಲಿ ಎರಡು ಬಳ್ದಾಗಿದೆ, ಮೂರು ಬಾಕಿ. ಅಣ್ಣ ಹೇಳೋದು ಒಂದು ನಿಮಿಷ ಕೇಳಿದ್ರೆ ನಿನ್ನ ಬಣ್ಣ ಏನೂ ಒಣಗಿಹೋಗಲ್ಲ. ಕೂತ್ಕೋ.

ಆ ಅಂಗಡಿಯವನಿದಾನಲ್ಲ, ಆಟದ ಸಾಮಾನಿನೋನು, ಏನಂದ ಗೊತ್ತಾ? 'ಯಜಮಾನ್ರೇ, ನಿಮಗೆ ಈ ಪ್ಲಾಸ್ಟಿಕ್‌ದು ಸಾಕು, ವಯಸ್ಸಾದವರೆಲ್ಲ ಇದನ್ನೇ ತಗೊಂಡು ಟೀವಿ ಮುಂದೆ ಕೂತು ಅಮುಕ್ತಾರೆ' ಅಂದ. ನನಗೆ! ಊರೆಲ್ಲಾ ಇಕ್ಕಳ ಇಕ್ಕಳ ಅಂತ ಕರೆಯೋ ನನಗೆ! ಅಯ್ಯಾ, ಆ ಕೊನೇ ಮೊಳೇಲಿ ಧೂಳು ತಿನ್ಕೊಂಡು ನೇತಾಡ್ತಿದೆಯಲ್ಲ, ಅದು ಕೊಡು ಅಂದೆ. 'ಅದು ಬೇಡಿ, ಜಿಮ್ಮಿನ ದಾಂಡಿಗರೇ ವಾಪಸ್ ತಂದುಕೊಟ್ಟಿದಾರೆ' ಅಂತಾನೆ. ಹಂಗಾದ್ರೆ ಅದೇ ಬೇಕು ಅಂದೆ. ಅವನ ಮುಖ ನೋಡ್ಬೇಕಿತ್ತು ನೀನು! ಸುಣ್ಣ ಬಳ್ದಂಗೆ ಬಿಳಚಿಕೊಳ್ತು...

ಹ್ಞೂ, ಸ್ವಲ್ಪ ಜಾಸ್ತಿ ಹೇಳ್ದೆ. ಬಿಳಚಿಕೊಳ್ಳಲಿಲ್ಲ. ಆದ್ರೆ ನೋಡ್ದ.

ಹೊಸಾ ಸ್ಪ್ರಿಂಗು ಅಂದ್ರೆ ಹೊಸಾ ಚಪ್ಪಲಿ ಇದ್ದಂಗೆ ಕಣೋ, ಮೊದಲು ಅದೇ ನಮ್ಮನ್ನ ಕಚ್ಚುತ್ತೆ. ಪಳಗಿಸ್ಬೇಕು. ಸುರುಳಿಗೆ ಒಂದು ತೊಟ್ಟು ಎಣ್ಣೆ ಬಿಡ್ಬೇಕು. ಶುರುವಲ್ಲೇ ಪೂರ್ತಿ ಮುಚ್ಚೋಕೆ ಹೋಗ್ಬಾರ್ದು. ಅರ್ಧ ಅಮುಕು, ಬಿಡು... ಅರ್ಧ ಅಮುಕು, ಬಿಡು. ಕಿರ್ ಕಿರ್ ಅನ್ನುತ್ತೆ. ಅನ್ನಲಿ! ಹಿಡಿ ಮೇಲೆ ಸಣ್ಣ ಸಣ್ಣ ಹಲ್ಲು ಕೊರೆದಿದಾರೆ ನೋಡು, ಜಾರ್ಬಾರ್ದು ಅಂತ. ಅದು ಅಂಗೈ ಚರ್ಮ ಕಿತ್ತು ತಿನ್ನುತ್ತೆ. ತಿನ್ನಲಿ! ದಿನಾ ಅಮುಕ್ತಾ ಅಮುಕ್ತಾ ಒಂದಿನ ಸ್ಪ್ರಿಂಗೇ ಸುಸ್ತಾಗುತ್ತೆ. ಟಕ್! ಹಿಡಿಗೆ ಹಿಡಿ. ಆ ಶಬ್ದ ಕೇಳಿದ್ರೆ ಸಾಕು, ಊಟ ಬೇಡ.

ಇದೆಲ್ಲಾ ಯಾಕೆ ಅಂತ ಕೇಳ್ತೀಯಾ? ಕೇಳಲ್ಲ ನೀನು. ಬೆಳಗಿಂದ ಒಂದು ಮಾತಿಲ್ಲ. ಗದ್ದದಲ್ಲಿ ಹೊಲಿಗೆ ಇದೆ, ನೋಯುತ್ತೇನೋ, ಅದಕ್ಕೇ ಬಾಯಿ ಬಿಡ್ತಿಲ್ಲ ಅಂದ್ಕೊಂಡೆ... ಮತ್ತೆ ಮತ್ತೆ ಗದ್ದ ಯಾಕೆ ಮುಟ್ಕೋತೀಯ? ಹೋದ ವಾರದ್ದು ಹೋದ ವಾರಕ್ಕೇ ಮುಗೀತು. ನೀನು ನೇತಾಡೋ ಹಗ್ಗ ಒದ್ದೆ ಇತ್ತು. ಬಕೆಟ್ ಚೆಲ್ಲಿದ್ದು ಯಾರು? ನೀನು. ಒದ್ದೆ ಹಗ್ಗ ಯಾರ ಕೈಯಲ್ಲಾದ್ರೂ ಜಾರುತ್ತೆ. ಎಷ್ಟು ಜಾರ್ತು ಮಹಾ? ಒಂದು ಮಾರು...

ಹಂಗೆ ನೋಡ್ಬೇಡ.

ಸರಿ, ಒಂದು ಮಹಡಿ. ಒಂದು ಮಹಡಿ ಜಾರ್ತು. ಹಿಡಿದ್ನೋ ಇಲ್ವೋ? ಹೇಳು, ಹಿಡಿದೆ ತಾನೆ? ಕಿಟಕಿ ಸಜ್ಜಾಕ್ಕೆ ಗದ್ದ ತಾಗ್ತು, ಅಷ್ಟೇ. ಹಿಡೀದೇ ಇದ್ದಿದ್ರೆ ಇವತ್ತು ಇಲ್ಲಿ ಕೂತು ಮುಖ ಊದಿಸ್ಕೋತಿದ್ದೋನು ಯಾರು?

ಆ ಸಿನಿಮಾ ಟಾಕೀಸಿನ ಗೋಡೆ ಮರೆತ್ಯಾ? ಗಾಳಿ ಬಂದು ನೀನು ಕೂತಿದ್ದ ಹಲಗೆ ಗಿರಗಿರ ಅಂತ ಸುತ್ತಿ, 'ಅಣ್ಣಾ ಅಣ್ಣಾ' ಅಂತ ಕಿರುಚಿದ್ದು ಬೀದಿಗೆಲ್ಲಾ ಕೇಳಿಸ್ತು. ಮೇಲೆ ಯಾರಿದ್ರು? ಹಗ್ಗ ಕಂಬಕ್ಕೆ ಒಂದೇ ಒಂದು ಸುತ್ತು, ಆಮೇಲೆ ಈ ಎರಡು ಕೈ. ಅಂಗೈ ಸುಟ್ಟುಹೋಯ್ತು, ಬಿಟ್ನಾ? ನಿನ್ನ ಮದುವೆಗೆ ಮುಂಚಿಂದ ನೀನು ನೇತಾಡೋದು, ನಾನು ಹಿಡಿಯೋದು. ನಿನ್ನ ಹೆಂಡ್ತಿಗಿಂತ ಜಾಸ್ತಿ ನಿನ್ನ ಭಾರ ಹೊತ್ತಿರೋನು ನಾನು!... ಈಗ ನಗೋ. ಬೇಡ ಅಂದಾಗ ನಗ್ತೀಯ, ನಗೋ ಮಾತಿಗೆ ನಗಲ್ಲ.

ಓಹೋ. ಗೊತ್ತಾಯ್ತು ಬಿಡು. ನಿನ್ನ ಅತ್ತಿಗೆ ಏನೋ ಊದಿದಾಳೆ. ನನ್ನ ಹೆಂಡ್ತಿ ಹೋಗಿ ನಿನ್ನ ಹೆಂಡ್ತಿ ಕಿವೀಲಿ ಊದಿದಾಳೆ, ಅವಳು ನಿನಗೆ ಊದಿದಾಳೆ. ಏನಂದ್ಲು? ಬೆರಳು ಜೋಮು ಹಿಡಿಯುತ್ತೆ ಅಂದ್ಲಾ? ಜೋಮು ಯಾರಿಗಯ್ಯಾ ಹಿಡಿಯಲ್ಲ? ನನ್ನ ಅಂಗಿ ಗುಂಡಿ ಅವಳೇ ಹಾಕ್ತಾಳೆ ಅಂದ್ಲಾ? ಪ್ರೀತಿಗೆ ಹಾಕ್ತಾಳೆ ಕಣೋ! ಈ ವಯಸ್ಸಲ್ಲಿ ಪ್ರೀತಿ ಇರ್ಬಾರ್ದಾ?

ಇರು, ತೋರಿಸ್ತೀನಿ. ಕಣ್ಣಿಗೆ ಬಿಸಿಲು ಹೊಡೀತಿದೆ, ಈ ಕಡೆ ತಿರುಗಿಕೊಳ್ತೀನಿ... ಹ್ಞಾ... ತಡಿ... ಹ್ಞಾ... ಟಕ್! ಕೇಳಿಸ್ತಾ? ಎಡಗೈ? ಎಡಗೈ ಎಲ್ಲಿ ಹಾಕ್ದೆ? ಸುಮ್ನೆ ಕೆಳಗೆ ಆಸರೆ ಕೊಟ್ಟೆ, ಬೀಳ್ಬಾರ್ದು ಅಂತ. ಬೇಕಿದ್ರೆ ನೀನೇ ಹಿಡಿ. ನಿನ್ನ ಕೈಲಾಗಲ್ಲ, ಬಣ್ಣದ ಬ್ರಷ್ ಹಿಡಿಯೋ ಕೈ ಅದು, ನೋಡು ಬೇಕಾದ್ರೆ—

ಏನು?... ಮುಚ್ಚಿಬಿಟ್ಯಾ?

ಇನ್ನೊಂದ್ಸಲ ಮಾಡು. ...ಎರಡು ಬೆರಳಲ್ಲಾ?

ಹ್ಞಾ... ಪಳಗಿಸಿದ್ದು ಯಾರು ಮತ್ತೆ? ನಾನು ಪಳಗಿಸಿದ್ದಕ್ಕೆ ಈಗ ಸಲೀಸಾಗಿದೆ. ಬೇಯಿಸಿದೋನು ನಾನು, ಬಡಿಸಿಕೊಂಡೋನು ನೀನು. ಅದರಲ್ಲಿ ನಿನ್ನ ದೊಡ್ಡಸ್ತಿಕೆ ಏನಿದೆ? ಕೊಡಿಲ್ಲಿ. ಕೊಡಿಲ್ಲಿ ಅಂದೆ!... ಏನು ಹಂಗೆ ಹಿಡೀನ ಹೆಬ್ಬೆರಳಲ್ಲಿ ಸವರ್ತಿದೀಯ? ಹಲ್ಲು ಚಪ್ಪಟೆಯಾಗಿದೆ. ಆಗುತ್ತೆ. ನನ್ನ ಅಂಗೈಗೆ ಸವೆದಿರೋದು. ಗೆರೆ ಎಳೆದಂಗೆ ನೇರವಾಗಿ ಸವೀಬಾರ್ದು ಅಂತೇನಾದ್ರೂ ಇದ್ಯಾ? ವೈಸು ಅಂತಾನಾ ನಿನ್ನ ತಲೇಲಿರೋದು? ಹಿತ್ತಲ ಕಟ್ಟೇಲಿರೋ, ಕಬ್ಬಿಣ ಕಚ್ಚಿ ಹಿಡಿಯೋ ಆ ವೈಸಲ್ಲಿ ಇಟ್ಟು ತಿರುಗಿಸ್ದೆ ಅಂತಾನಾ?...

ಸರಿ, ಇಟ್ಟೆ. ದಿನಾ ಇಟ್ಟೆ. ಕಬ್ಬಿಣದ ದವಡೆಗೆ ಕಚ್ಚಿಸಿ ಇಟ್ಟು ಹೋಗಿ ಮಲಗ್ದೆ. ಎಲ್ಲರೂ ಮಾಡ್ತಾರೆ! ಅರ್ಧ ಅದು ಪಳಗಿಸುತ್ತೆ, ಅರ್ಧ ನಾನು... ನನ್ನ ಕೈ ಯಾಕೆ ತಿರುಗಿಸಿ ನೋಡ್ತೀಯ? ಬಿಡೋ! ಅಣ್ಣನ ಕೈ ಹಿಂಗೆ ತಿರುಗಿಸಿ ನೋಡ್ತಾರೇನೋ? ಚರ್ಮ ಕಿತ್ತಿಲ್ಲ, ಹೌದು. ಕಿತ್ತಿಲ್ಲ. ಗಟ್ಟಿ ಚರ್ಮ ನಂದು...

ಅದ್ಯಾಕೆ ಚಿವುಟಿದೆ? ಆ ಕಿರುಬೆರಳನ್ನ ಚಿವುಟ್ತಿದೀಯಲ್ಲಾ, ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ನೋಯ್ತು ಬಿಡು! ಜೋರಾಗೇ ನೋಯ್ತು!

ಬಿಟ್ಯಲ್ಲ. ಸದ್ಯ.

ಎಲ್ಲಿಗೆ ಎದ್ದೆ? ...ಆ ನಲ್ಲಿ ಪೈಪ್ ಹತ್ರ ಏನಿದೆ ನಿನಗೆ? ಅದು ಮೊದಲಿಂದಾನೇ ಬಗ್ಗಿದೆ. ಆ ಉಜ್ಜಿದ ಗುರುತೂ ಮೊದಲಿಂದ ಇದೆ. ನನಗೆ ಗೊತ್ತು ನೀನೇನು ಲೆಕ್ಕ ಹಾಕ್ತಿದೀಯ ಅಂತ. ಹೋದ ವಾರ ಹಗ್ಗದ ಬಾಲ ಅದಕ್ಕೆ ಸಿಕ್ಕಿಹಾಕಿಕೊಂಡಿದ್ದು ಆಮೇಲೆ! ನಾನು ಹಿಡಿದ ಮೇಲೆ! ಮೊದಲು ನಾನು ಹಿಡಿದೆ, ಆಮೇಲೆ ಪೈಪು... ಏನಾದ್ರೂ ಅನ್ನೋ! ಸುಳ್ಳು ಅನ್ನು. ಬೈಯಿ. ಅಪ್ಪನ ಥರ ಹಲ್ಲು ಕಚ್ಕೊಂಡು ನಿಂತ್ಕೋಬೇಡ ನನ್ನ ಮುಂದೆ!

ಹಗ್ಗದ ಬಾಲ ಯಾಕೆ ಎತ್ಕೊಂಡೆ? ಅದು ನನ್ನ ಕಾಲ ಹತ್ರ ಬಿದ್ದಿರುತ್ತೆ, ಯಾವತ್ತೂ ಅಲ್ಲೇ ಇರೋದು. ...ಏ. ಏ ತಮ್ಮಾ. ಕಂಬಕ್ಕೆ ಯಾಕೆ ಕಟ್ತಿದೀಯ? ನಾನಿಲ್ವಾ ಇಲ್ಲಿ? ಸತ್ತೋಗಿದೀನಾ ನಾನು? ನಾಳೆ ಈ ಕಟ್ಟಡದ ಮೇಸ್ತ್ರಿ ಮೇಲೆ ಬಂದು ನೋಡಿದ್ರೆ ಏನಂತಾನೆ? 'ಏನು ಇಕ್ಕಳ, ನಿನ್ನ ಬದಲು ಕಂಬಾನ ಕೆಲಸಕ್ಕೆ ಇಟ್ಕೊಂಡ್ನಾ ನಿನ್ನ ತಮ್ಮ' ಅಂತ ಹಲ್ಲು ಕಿರೀತಾನೆ. ಬಿಚ್ಚು. ಬಿಚ್ಚು ಅಂದೆ! ಅಷ್ಟು ಹೆದರಿಕೆ ಇದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಬಾ, ನನ್ನನ್ನ ಯಾಕೆ ಮೇಲಕ್ಕೆ ಹತ್ತಿಸ್ದೆ? ಮನೇಲಿ ಕೂರಿಸು! ಪ್ಲಾಸ್ಟಿಕ್‌ದು ಕೊಟ್ಟು ಟೀವಿ ಮುಂದೆ ಕೂರಿಸು!

…

ಕಟ್ಟೇಬಿಟ್ಟೆ.

ಇದೇನಿದು, ಹಗ್ಗ ನನ್ನ ಕೈಗೂ ಕೊಡ್ತಿದೀಯ? ಯಾಕೆ, ಅಲಂಕಾರಕ್ಕಾ? ಕೆಳಗಿಂದ ನೋಡೋರಿಗೆ ಅಣ್ಣ ಹಿಡಿದಿದಾನೆ ಅಂತ ಕಾಣ್ಲಿ ಅಂತಾನಾ? ...ಕೊಡು. ಕೊಡು ಇಲ್ಲಿ. ಹಿಡಿದಿದೀನಿ.

ನಿಂತ್ಕೋ, ಆ ಕಡೆ ಕಾಲು ಇಳಿಬಿಡ್ಬೇಡ ಈಗಲೇ. ಆ ಗಂಟು ನೋಡ್ತಿದೀನಿ. ಅದೇನು ಗಂಟೋ ಅದು, ಚಡ್ಡಿ ಲಾಡಿ ಕಟ್ಟಿದಂಗೆ... ಹೋಗು, ಇನ್ನೊಂದು ಸುತ್ತು ಹಾಕಿ ಬಾ.

ಗಾಳಿ ಇದೆ, ಅದಕ್ಕೆ ಹೇಳ್ದೆ. ಹಂಗೆ ನೋಡ್ಬೇಡ. ಗಾಳಿ ಇದೆ ಅಂತ ಹೇಳ್ದೆ, ಅಷ್ಟೇ... ಎರಡು ಸುತ್ತು ಹಾಕು.