ಬೋರೆ ಮರದ ಕೆಳಗಿನ ಚಾಸಿಬ್

ಲಾಟೀನು ಸ್ವಲ್ಪ ತಗ್ಗಿಸು... ಸಾಕು. ಇನ್ನು ಕರೆಂಟು ಬರೋದು ಬೆಳಗಿನ ಜಾವಕ್ಕೇ. ಮೆಲ್ಲಗೆ ಮಾತಾಡಿ. ಕೆಳಗೆ ಚಿಕ್ಕಮ್ಮ ಮಲಗಿದ್ದಾಳೆ. ಈ ವಿಷಯ ನಿಮಗೆ ಹೇಳ್ತಿದ್ದೀನಿ ಅಂತ ಗೊತ್ತಾದ್ರೆ ಚಪ್ಪಲಿ ಹಿಡ್ಕೊಂಡೇ ಮಾಳಿಗೆ ಹತ್ತುತ್ತಾಳೆ.

ಇದು ಅವಳ ಮಗ ಹೈಥಮ್‌ಗೆ ಆದದ್ದು. ಈಗ ಅಶಾರ್ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನಲ್ಲ, ಗಿರಾಕಿ ಹತ್ರಾನೂ ಎರಡು ಮಾತಿಗಿಂತ ಹೆಚ್ಚು ಆಡಲ್ಲ... ಅವನೇ. ಆಗ ಹಾಗಿರಲಿಲ್ಲ. ಆಗ ಅವನ ಬಾಯಿ ಮುಚ್ಚಿಸೋದೇ ಕಷ್ಟವಾಗಿತ್ತು. ಪಾಡ್‌ಕಾಸ್ಟ್ ಮಾಡ್ತಿದ್ದ. ನಮ್ಮ ಬಸ್ರಾದ ಯುದ್ಧಗಳ ಕತೆ. ಇರಾನ್ ಜೊತೆ ಎಂಟು ವರ್ಷ ಹೊಡೆದಾಡಿದ್ದು, ಕುವೈತ್, ಆಮೇಲಿನ ದಂಗೆ, ಹಸಿವಿನ ವರ್ಷಗಳು, ಅಮೆರಿಕದವರು ಬಂದದ್ದು, ಅವರ ಹಿಂದೆ ನಾವು ನಾವೇ ಕೊಂದುಕೊಂಡದ್ದು. ಯಾವ ಪಕ್ಷದವರ ಹಂಗೂ ಇಲ್ಲ, ಯಾವ ಚಾನೆಲ್ಲೂ ಇಲ್ಲ. ಅಬುಲ್ ಖಸೀಬ್ ಪೇಟೆಯಲ್ಲಿ ಮುಚ್ಚಿಹೋಗಿದ್ದ ಒಂದು ಕ್ಷೌರದಂಗಡಿ, ಒಂದು ಮೈಕು, ಗೋಡೆಗೆ ಮೊಳೆ ಹೊಡೆದ ಹಳೇ ಕಂಬಳಿಗಳು. ಅಷ್ಟೇ. ಮುದುಕರು ಬಂದು ಕೂತು ಹೇಳೋರು, ಇವನು ಕೇಳೋನು. ಪೇಟೆಯ ಜನರೇಟರ್‌ಗಳ ಗುಡುಗುಡು ನಿಂತ ಮೇಲೇ ರೆಕಾರ್ಡಿಂಗ್. ಅದಕ್ಕೇ ಮನೆಗೆ ಬರೋಷ್ಟರಲ್ಲಿ ನಡುರಾತ್ರಿ ದಾಟಿರ್ತಿತ್ತು.

ಚಿಕ್ಕಮ್ಮ ಬಯ್ಯೋಳು. "ನೋಡಿದ ನಾವೇ ಮರೆಯೋಕೆ ಒದ್ದಾಡ್ತಿದ್ದೀವಿ. ಆಗಿನ್ನೂ ಹುಟ್ಟೇ ಇರದ ನಿಂಗ್ಯಾಕೋ ಈ ನೆನಪಿನ ಚಟ?"

"ಯಾರಾದ್ರೂ ನಿಜ ಹೇಳಬೇಕಲ್ಲಮ್ಮ."

"ಹೇಳು, ಹೇಳು. ಮೊದಲು ಅನ್ನ ತಣ್ಣಗಾಗೋಕೆ ಮುಂಚೆ ತಿಂದು ಹೇಳು."

ಪೇಟೆಯಿಂದ ಮನೆಗೆ ಕಾಲುವೆ ಪಕ್ಕದ ದಾರಿ. ಅಲ್ಲಿ ಆ ಬೋರೆ ಮರ ಇದೆಯಲ್ಲ... ರಸ್ತೆ ಮಾಡೋರೂ ಅದನ್ನ ಕಡಿಯೋಕೆ ಹೆದರಿ ದಾರೀನೇ ಬಳಸಿಕೊಂಡು ಹೋದದ್ದು, ಅದೇ ಮರ. ಅದರಾಚೆ ರುಂಡ ಹೋದ ಖರ್ಜೂರದ ಮರಗಳು. ಫಿರಂಗಿ ಗುಂಡಿಗೆ ಸುಟ್ಟು ಬರೀ ಕಂಬಗಳಾಗಿ ನಿಂತವು.

ಆ ರಾತ್ರಿ ಹೈಥಮ್ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಂಡು, ಆವತ್ತಿನ ರೆಕಾರ್ಡಿಂಗ್ ಕೇಳ್ತಾ ಬರ್ತಿದ್ದ. ಕಾಲುವೆಗೆ ಉಬ್ಬರದ ನೀರು ಏರ್ತಿತ್ತು. ದೋಣಿಯೊಂದು ದಡಕ್ಕೆ ತಾಗಿ... ಟಕ್... ಟಕ್. ಕಪ್ಪೆಗಳ ವಟಗುಟ್ಟುವಿಕೆ. ಮರ ಹತ್ತಿರ ಆಗ್ತಿದ್ದ ಹಾಗೆ ಕಪ್ಪೆಗಳು ಸುಮ್ಮನಾದವು. ಒಂದೊಂದಾಗಿ ಅಲ್ಲ. ಎಲ್ಲಾ ಒಟ್ಟಿಗೆ.

ಆಮೇಲೆ... ತೊಟ್. ತೊಟ್. ಒದ್ದೆ ಬಟ್ಟೆಯಿಂದ ಒಣ ಎಲೆ ಮೇಲೆ ನೀರು ಬೀಳೋ ಸದ್ದು.

"ಅಣ್ಣಾ..."

ಬುಡದಲ್ಲಿ ಒಬ್ಬ ಹುಡುಗ ಕೂತಿದ್ದ. ಸಿಪಾಯಿಯ ಕೋಟು. ಮೀಸೆ ಈಗಷ್ಟೇ ಚಿಗುರಿದ ಮುಖ. ಬಲಗಿವಿ ಕೆಳಗೆ ಸುಟ್ಟ ಕಲೆ.

"ಅಣ್ಣಾ... ಮುಗೀತಾ?"

"ಏನು?"

"ಯುದ್ಧ."

ಪೇಟೆಯ ಹುಡುಗರು ಯಾರೋ ಕೀಟಲೆ ಮಾಡ್ತಿದ್ದಾರೆ ಅಂದ್ಕೊಂಡ ಇವನು. ನಗುತ್ತಲೇ ಕೇಳಿದ. "ಯಾವ ಯುದ್ಧಾನಪ್ಪಾ?"

ತೊಟ್... ತೊಟ್. ಆಮೇಲೆ ಬಹಳ ಸಣ್ಣ ದನಿ. "ಯಾಕೆ... ಇನ್ನೂ ಬೇರೆ ಇವೆಯಾ?"

ಹೈಥಮ್ ಕಿವಿಯ ಇಯರ್‌ಫೋನ್ ಕಿತ್ತುಕೊಂಡ.

"ನಾನು ಚಾಸಿಬ್. ಹಮ್ದಾನ್ ಹಳ್ಳಿಯ ನೂರಿಯಾಳ ಮಗ. ಮನೆಗೆ ಹೊರಟೆ ಅಣ್ಣಾ, ದಾರೀನೇ ಸಿಗ್ತಿಲ್ಲ. ತೋಟಗಳ ಗುರುತು ಹಿಡಿದು ಹೋಗ್ತಿದ್ದೆ... ತೋಟಾನೇ ಇಲ್ಲ. ಅಮ್ಮಂಗೆ ಒಂದು ಮಾತು ಹೇಳ್ತೀಯಾ? ಬಾಗಿಲಿಗೆ ಚಿಲಕ ಹಾಕಬೇಡ ಅನ್ನು. ಬರ್ತೀನಿ ಅನ್ನು."

"ಹೇಳ್ತೀನಿ," ಅಂದ. ಬೇರೆ ಏನು ಹೇಳೋಕಾಗುತ್ತೆ ಹೇಳಿ? ಕಣ್ಣು ಮಿಟುಕಿಸಿ ನೋಡಿದರೆ ಬುಡದಲ್ಲಿ ಯಾರೂ ಇಲ್ಲ. ಕಪ್ಪೆಗಳು ಮತ್ತೆ ಶುರು ಮಾಡಿದವು.

ಜ್ವರ ಬಂತು. ಚಿಕ್ಕಮ್ಮ ಇಂಗು, ಸಾಂಬ್ರಾಣಿ ಎಲ್ಲಾ ಹೊಗೆ ಹಾಕಿದಳು. ಎದ್ದವನು ಏನು ಮಾಡಿದ ಗೊತ್ತಾ? ಮುಂದಿನ ಕಂತಿನ ಕೊನೆಗೆ ಒಂದೇ ಮಾತು ಸೇರಿಸಿದ. "ಹಮ್ದಾನ್‌ನ ನೂರಿಯಾ, ಚಾಸಿಬ್‌ನ ತಾಯಿ, ಇದನ್ನ ಕೇಳ್ತಿದ್ರೆ ದಯವಿಟ್ಟು ನಮಗೆ ತಿಳಿಸಿ." ಕೊಟ್ಟ ಮಾತು ತೀರಿತು ಅಂದ್ಕೊಂಡ.

ಅವಳು ಬರಲಿಲ್ಲ. ಒಬ್ಬ ಗಂಡಸು ಬಂದ. ಅರವತ್ತರ ಹತ್ತಿರದವನು, ತಲೆಗೆ ರುಮಾಲು, ಕೈಯಲ್ಲಿ ಜಪಮಣಿ. ಅಂಗಡಿ ಬಾಗಿಲು ಎಳೆದುಕೊಂಡು ನಿಂತ.

"ನಾನೇ ಚಾಸಿಬ್. ನೂರಿಯಾಳ ಮಗ. ಯಾಕೆ ನಮ್ಮಮ್ಮನ್ನ ಹುಡುಕ್ತಿದ್ದೀಯ?"

ಹೈಥಮ್‌ಗೆ ಎದೆ ಮೇಲಿನ ಕಲ್ಲು ಇಳಿದಂತಾಯ್ತು. ನಕ್ಕುಬಿಟ್ಟ. "ಅಯ್ಯೋ, ನೀವು ಬದುಕಿದ್ದೀರಾ! ಯಾರೋ ಹುಡುಗ ನನ್ನ ಗೋಳು ಹೊಯ್ಕೊಂಡಿದ್ದಾನೆ ಮಾವಾ," ಅಂತ ಬೋರೆ ಮರದ ವಿಷಯ ಪೂರಾ ಹೇಳಿದ.

ಆ ಮನುಷ್ಯ ನಗಲಿಲ್ಲ. ಟಿಕ್ ಟಿಕ್ ಅಂತಿದ್ದ ಜಪಮಣಿ ನಿಂತುಹೋಯ್ತು.

"ಬಲಗಿವಿ ಕೆಳಗೆ... ಸುಟ್ಟ ಕಲೆ ಇತ್ತಾ?"

"ಇತ್ತು."

"ಟೀ ಕೆಟಲಿಂದ ಆದದ್ದು ಅದು," ಅಂದ. ಕುರ್ಚಿಗೆ ಕೂರೋಕೆ ಹೋಗಿ ನೆಲಕ್ಕೇ ಕೂತ. "ನನ್ನ ಪಕ್ಕದಲ್ಲೇ ಹೋದ ಅವನು. ನೀರಲ್ಲಿ. ಕೈ ಹಿಡಿದಿದ್ದೆ ತಮ್ಮಾ... ಜಾರಿತು."

ಆಮೇಲೆ ಅವನು ಹೇಳಿದ್ದು ಕೇಳಿ. ಈ ಮನುಷ್ಯ ಇರಾನಿನವರಿಗೆ ಸೆರೆ ಸಿಕ್ಕ. ವರ್ಷಗಳ ಮೇಲೆ ಖೈದಿಗಳನ್ನ ಬಿಟ್ಟಾಗ ಬಂದ. ಇವನ ಮನೆಯವರು ಫಿರಂಗಿ ಗುಂಡಿಗೆ ಸಿಕ್ಕಿ ಯಾರೂ ಉಳಿದಿರಲಿಲ್ಲ. ಜೊತೆಗಾರ ಸತ್ತ ಸುದ್ದೀನಾದ್ರೂ ಅವನ ತಾಯಿಗೆ ಮುಟ್ಟಿಸೋಣ ಅಂತ ಹಮ್ದಾನ್‌ಗೆ ಹೋದ. ಕತ್ತಲಾಗಿತ್ತು. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ, ಮುಖ ತುಂಬ ಗಡ್ಡ. ಬಾಗಿಲು ತಟ್ಟಿದ.

"ತೆಗೆದವಳೇ ಅಪ್ಪಿಕೊಂಡಳು. 'ನನ್ನ ಚಾಸಿಬ್ ಬಂದ' ಅಂತ ಕೂಗಿದಳು. ಬೀದಿಯ ಹೆಂಗಸರೆಲ್ಲ ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಿದ್ರು, ಮಿಠಾಯಿ ಎರಚಿದ್ರು. ಯಾರೋ ಕುರಿ ಎಳ್ಕೊಂಡು ಬಂದ್ರು. ನಿನ್ನ ಮಗ ಸತ್ತ ಅಂತ ಹೇಳೋಕೆ ಬಂದವನು ನಾನು... ಆ ಗದ್ದಲದಲ್ಲಿ ಬಾಯಿ ಬರಲಿಲ್ಲ. ಬೆಳಗ್ಗೆ ಹೇಳೋಣ ಅಂದ್ಕೊಂಡೆ. ಬೆಳಗ್ಗೆ ಅವಳು ರೊಟ್ಟಿ ತಟ್ಟಿ ಕೊಟ್ಟಳು."

"ನಿಮ್ಮ ನಿಜವಾದ ಹೆಸರು?"

"ಕೇಳಬೇಡ. ಆ ಹೆಸರಿನವನಿಗೆ ಅಳೋರು ಯಾರೂ ಇಲ್ಲ. ಈ ಹೆಸರಲ್ಲಿ ಮದುವೆಯಾದೆ, ಮಕ್ಕಳು, ಮೊಮ್ಮಕ್ಕಳು... ಕಂತಿಂದ ಆ ಮಾತು ತೆಗೆದುಬಿಡು ತಮ್ಮಾ. ನಿನ್ನ ಕಾಲು ಹಿಡೀತೀನಿ."

ಅವನ ಎದುರೇ ತೆಗೆದ ಹೈಥಮ್. ಆದರೆ ತಡವಾಗಿತ್ತು. ಮೊಮ್ಮಗಳೊಬ್ಬಳು ಫೋನಲ್ಲಿ ಹಾಕಿದ್ದನ್ನ ನೂರಿಯಾ ಅಜ್ಜಿ ಕೇಳಿಯಾಗಿತ್ತು. ಆವತ್ತಿಂದ ರಾತ್ರಿ ಬಾಗಿಲಿಗೆ ಚಿಲಕ ಹಾಕೋಕೆ ಬಿಡ್ತಿಲ್ವಂತೆ! ಆ ಮಾತು ಪಾಡ್‌ಕಾಸ್ಟಲ್ಲಿ ಇರಲೇ ಇಲ್ಲ ನೋಡಿ. ಅವಳಿಗೆ ಹೇಳಿದವರು ಯಾರು?

ಕೊನೆಗೆ ಅವಳೇ ಕರೆಸಿದಳು. ಹೈಥಮ್ ಹೋದ. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ, ಚಾಪೆ ಮೇಲೆ ಕೂತು ಖರ್ಜೂರದ ಬೀಜ ಬಿಡಿಸ್ತಿದ್ದಳು. ಮಗನನ್ನ, ಅಂದ್ರೆ ಆ ಮನುಷ್ಯನನ್ನ, "ಅತಿಥಿಗೆ ಟೀ ಮಾಡಿಸಿಕೊಂಡು ಬಾರೋ" ಅಂತ ಒಳಗೆ ಕಳಿಸಿದಳು. ಅವನ ಹೆಜ್ಜೆ ದೂರ ಆಗೋವರೆಗೂ ಕಾದಳು. ಆಮೇಲೆ ಹೈಥಮ್‌ನ ಮೊಣಕೈ ಹಿಡಿದು ಪಿಸುಗುಟ್ಟಿದಳು.

"ಅವನು... ಮೈಯೆಲ್ಲ ನೆನೆದಿದ್ನಾ?"

ಹೈಥಮ್ ಒಳಬಾಗಿಲ ಕಡೆ ನೋಡಿದ.

"ಹೇಳು ಮಗಾ. ಇವನು ಯಾರು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅಪ್ಪಿಕೊಂಡ ಕ್ಷಣಕ್ಕೇ ಗೊತ್ತಾಯ್ತು. ಕುತ್ತಿಗೆಯ ವಾಸನೆ ಬೇರೆ. ಆದ್ರೆ ಅಷ್ಟರಲ್ಲಿ ಕೂಗಿಬಿಟ್ಟಿದ್ದೆ. ಬೀದಿಯೇ ಬಂದುಬಿಟ್ಟಿತ್ತು. ಇವನು ನನ್ನ ಭುಜಕ್ಕೆ ಮುಖ ಇಟ್ಟು ಮಗುವಿನ ಹಾಗೆ ನಡುಗ್ತಿದ್ದ. ಹೋಗು ಅಂತ ಹೇಗನ್ನಲಿ? ಇವನಿಗೆ ನಂಗೆ ಗೊತ್ತು ಅನ್ನೋದು ಗೊತ್ತಿಲ್ಲ. ಗೊತ್ತಾಗೋದೂ ಬೇಡ."

"ನೆನೆದಿದ್ದ ಅಜ್ಜಿ."

ಅವಳು ತಲೆ ಆಡಿಸಿದಳು. ಬೀಜ ಬಿಡಿಸೋದು ನಿಲ್ಲಿಸಲಿಲ್ಲ.

"ಆ ಹುಡುಗನಿಗೆ ಏನಂತ ಹೇಳಲಿ ಅಜ್ಜಿ?"

ಒಳಗೆ ಟೀ ಲೋಟಗಳ ಕಿಣಿಕಿಣಿ ಕೇಳಿಸ್ತು. ಆ ಮನುಷ್ಯ ವಾಪಸ್ ಬರ್ತಿದ್ದ.

"ಮನೇಲಿ ಜಾಗ ಇಲ್ಲ ಅನ್ನು," ಅಂದಳು. ತಕ್ಷಣ ಹೈಥಮ್‌ನ ತೋಳು ಬಿಗಿಯಾಗಿ ಹಿಡಿದಳು. "ಬೇಡ ಬೇಡ... ಹಾಗನ್ನಬೇಡ. ಇನ್ನೂ ಮುಗಿದಿಲ್ಲ ಅನ್ನು. ಯುದ್ಧ ಇನ್ನೂ ಮುಗಿದಿಲ್ಲವಂತೆ, ಮುಗಿದ ಮೇಲೆ ಬಾ ಅಂದಳು ಅಮ್ಮ ಅನ್ನು."

ಹೈಥಮ್ ಆ ದಾರಿ ಬಿಟ್ಟು ಬೇರೆ ದಾರೀಲಿ ಓಡಾಡಿದ, ಕೆಲವು ದಿನ. ನಿದ್ದೆ ಹತ್ತಲಿಲ್ಲ. ಕಿಟಕಿ ಹೊರಗೆ ತೊಟ್ ತೊಟ್ ಅಂತ ಕೇಳಿಸ್ತಿತ್ತಂತೆ. ಒಂದು ರಾತ್ರಿ ಎದ್ದು ಹೋದ. ಒಬ್ಬನೇ.

ಕಪ್ಪೆಗಳು ನಿಂತವು.

"ಅಣ್ಣಾ... ಹೇಳಿದ್ಯಾ?"

"ಹೇಳಿದೆ."

"ಏನಂದಳು?"

"ಇನ್ನೂ... ಮುಗಿದಿಲ್ಲವಂತೆ. ಮುಗಿದ ಮೇಲೆ ಬಾ ಅಂದಳು."

ಹುಡುಗ ಎದ್ದು ನಿಂತ. ಅಳಲಿಲ್ಲ, ಬೈಯಲಿಲ್ಲ. "ಸರಿ," ಅಂದ. ಅಷ್ಟೇ. ಮೇಲಿನವರು ಅಪ್ಪಣೆ ಕೊಟ್ಟಾಗ ಅಂತಾರಲ್ಲ, ಹಾಗೆ. ಬಂದೂಕಿನ ಬೋಲ್ಟ್ ಎಳೆದ ಸದ್ದು... ಕಟಕ್. ಬೂಟು ಕೆಸರಿಗೆ ಇಳಿದ ಸದ್ದು... ಪಚಕ್, ಪಚಕ್. ಕಾಲುವೆ ಸೇರೋ ದೊಡ್ಡ ನದಿ ಕಡೆಗೆ.

ಆಮೇಲೆ ಇನ್ನೊಂದು ಕಟಕ್. ಮತ್ತೊಂದು. ಖರ್ಜೂರದ ಕಂಬಗಳ ಹಿಂದೆ, ಕಾಲುವೆ ಒಳಗೆ, ದೂರದವರೆಗೂ... ಎಲ್ಲರೂ ಕೇಳಿಸಿಕೊಳ್ತಿದ್ದರು ಕಣ್ರೋ. ಅವನೊಬ್ಬನೇ ಅಲ್ಲ. ಒಬ್ಬನಿಂದೊಬ್ಬನಿಗೆ ಪಿಸುಮಾತು ಹೋಯ್ತು. ಮುಗಿದಿಲ್ಲ... ಮುಗಿದಿಲ್ಲವಂತೆ... ನದಿಯಾಚೆ ದಡದಲ್ಲಿ ಇರಾನಿನವರು ಯಾರೋ ಅದನ್ನೇ ಫಾರ್ಸಿಯಲ್ಲಿ ಕೂಗಿ ಹೇಳಿದ್ರು. ಆ ಕಡೆಯೂ ಬೂಟುಗಳು ಎದ್ದವು.

ಹೈಥಮ್ "ಸುಳ್ಳು! ನಿಲ್ಲಿ! ಮುಗಿದಿದೆ!" ಅಂತ ಕಿರುಚಿದನಂತೆ. ಯಾರೂ ತಿರುಗಲಿಲ್ಲ. ಬೆಳಗ್ಗೆ ನಾನೇ ಹೋಗಿ ಅವನನ್ನ ಮನೆಗೆ ಕರ್ಕೊಂಡು ಬಂದೆ. ದನಿಯೇ ಇರಲಿಲ್ಲ.

ಮೈಕು ಮತ್ತೆ ಮುಟ್ಟಲಿಲ್ಲ ಅವನು. ಒಮ್ಮೆ ಕೇಳಿದೆ. ಅಂದ, "ನಿಜ ಹೇಳ್ತೀನಿ ಅಂತ ಕೂತವನು ನಾನು. ಕಾದು ಕೂತಿದ್ದವರಿಗೇ ಸುಳ್ಳು ಹೇಳಿ ವಾಪಸ್ ಕಳಿಸಿದೆ."

"ಅದೇನು ಪೂರಾ ಸುಳ್ಳಲ್ಲ ಬಿಡೋ," ಅಂದೆ ನಾನು, ಸಮಾಧಾನಕ್ಕೆ.

ನನ್ನ ಮುಖ ನೋಡಿದ. "ಅದು ಇನ್ನೂ ಕೆಟ್ಟದ್ದು," ಅಂದ.

ನೂರಿಯಾ ಅಜ್ಜಿ ಆ ಚಳಿಗಾಲದಲ್ಲಿ ತೀರಿಕೊಂಡಳು. ನಜಫ್‌ನ ದೊಡ್ಡ ಖಬರಸ್ತಾನಕ್ಕೆ ಮಣ್ಣಿಗೆ ಒಯ್ಯೋಕೆ ನನ್ನ ಗಾಡೀನೇ ಕರೆದ್ರು. ಶವಪೆಟ್ಟಿಗೆಯನ್ನ ಗಾಡಿ ಮೇಲಿಟ್ಟು ಹಗ್ಗ ಹಾಕಿ ಬಿಗಿದ್ವಿ. ಪಕ್ಕದಲ್ಲಿ ಚಾಸಿಬ್ ಮಾವ, ಹಿಂದೆ ಅವನ ಇಬ್ಬರು ಗಂಡುಮಕ್ಕಳು, ಹೈಥಮ್. ಬೇರೆ ಯಾರೂ ಇಲ್ಲ. ಹಜ್ರತ್ ಅಬ್ಬಾಸರ ಆಣೆ, ಬೇರೆ ಯಾರೂ ಇರಲಿಲ್ಲ. ಸಮಾವಾ ಊರು ದಾಟಿ ಒಂದು ತಪಾಸಣೆ ಠಾಣೆ. ಇನ್ನೂ ಕತ್ತಲು, ಹಲ್ಲು ಕಡಿಯೋ ಚಳಿ. ಸಿಪಾಯಿ ಟಾರ್ಚ್ ಬಿಟ್ಟು ಎಲ್ಲರ ಮುಖ ನೋಡಿದ. "ದೇವರು ಅವರಿಗೆ ಕರುಣೆ ತೋರಿಸಲಿ, ಹೋಗಿ," ಅಂದ. ಹೋಗೋಕೆ ಕೈ ಎತ್ತಿದವನು ಟಾರ್ಚನ್ನ ಗಾಡಿ ಮೇಲಕ್ಕೆ ತಿರುಗಿಸಿದ.

"ಪೆಟ್ಟಿಗೆ ತಬ್ಬಿಕೊಂಡು ಮಲಗಿದ್ದಾನಲ್ಲ, ಆ ಹುಡುಗನ್ನ ಒಳಗೆ ಕೂರಿಸ್ಕೊಳ್ರಪ್ಪಾ. ಬಿದ್ದುಗಿದ್ದಾನು."

ಯಾರೂ ಇಳಿದು ನೋಡಲಿಲ್ಲ. ಹೈಥಮ್‌ನ ಕೇಳಿ ಬೇಕಾದ್ರೆ, ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ಸ್ಟೀರಿಂಗ್ ಹಿಡಿದಿದ್ದವನು ನಾನೇ. ನಜಫ್‌ವರೆಗೂ ಗಾಡೀನ ಬಹಳ ನಿಧಾನವಾಗಿ ಓಡಿಸಿದೆ. ತಿರುವುಗಳಲ್ಲಂತೂ ಇನ್ನೂ ನಿಧಾನವಾಗಿ.